ಪ್ಲಾಸ್ಟರ್ ಬಿಚ್ಚಿದ್ರ ಗುಣ ಆದಂಗಲ್ಲ

ಮೊನ್ನೆ ನಾ ಹಿತ್ತಲದಾಗ ಅರಿವಿ ಒಣಾ ಹಾಕಿ ಒಳಗ ಬರೋದ್ರಾಗ ಹಾಲು ಹೊತ್ತಿ ಮನಿ ತುಂಬ ವಾಸನಿ. ಒಲಿಯಿಂದ ನಾಲ್ಕ ಹೆಜ್ಜಿ ದೂರ ಕೂತಿದ್ದ ನಮ್ಮ ಮೈದುನನ ಮಗಗ ಅದರ ಖಬರೇ ಇಲ್ಲ.

'ಏನೋ, ಮೂಗು ಎಲ್ಲೆ ಅಡಾ ಇಟ್ಟೀ?' ಅಂತ ಒದರಿದೆ.

ಅಂವ ಸಾವಕಾಶ ಅಂದ, 'ದೊಡ್ಡಮ್ಮ, ನಂಗ ವಾಸನಿ ಬರಲಾರದ ಆರು ವರ್ಷ ಆತು.'

ಆರು ವರ್ಷ! ಒಂದ ಮನ್ಯಾಗ ಇದ್ದೂ ನಮಗ ಗೊತ್ತಿಲ್ಲ.

ಆರು ವರ್ಷದ ಹಿಂದ ಇಂವ ಊರ ಹೊರಗಿನ ಗುಡ್ಡದಾಗ ಗೇರಿನ ಸೈಕಲ್ ಮ್ಯಾಲೆ ಇಳೀಲಿಕತ್ತಾಗ, ತಿರುವಿನಾಗ ಎದುರಿಗೆ ಬೈಕ್ ಬಂದು ಹೊಡೀತು. ಅದು ರಸ್ತೆ ಅಲ್ಲ, ಕಾಲುದಾರಿ. ಬೈಕಿನ ಹುಡುಗಂದು ಮಣ್ಣಾಗ ಗಾಡಿ ಹಾರಿಸೋ ಶೋಕಿ. ನಮ್ಮಾಂವನ ಮಣಿಕಟ್ಟು ಮುರೀತು, ಮೊಣಕಾಲಿನ ಲಿಗಮೆಂಟ್ ಹರೀತು. ಹೆಲ್ಮೆಟ್ ಇತ್ತು, ಆದ್ರೂ ಸ್ವಲ್ಪ ಹೊತ್ತು ಎಚ್ಚರ ತಪ್ಪಿತ್ತು. ತಲಿ ಸ್ಕ್ಯಾನ್ ನಾರ್ಮಲ್ ಬಂತು. ಆರು ವಾರಕ್ಕ ಕೈ ಪ್ಲಾಸ್ಟರ್ ಬಿಚ್ಚಿದ್ರು, ನಾವು ಹಣಮಪ್ಪಗ ಕಾಯಿ ಒಡದು ಓಣಿಗೆಲ್ಲಾ ಪೇಢೆ ಹಂಚಿದ್ವಿ. 'ಗುಣ ಆತು' ಅಂದ್ವಿ.

ನನ್ನ ಜಗಳ ಇರೋದು ಈ 'ಗುಣ ಆತು' ಅನ್ನೋ ಮಾತಿನ ಜೋಡಿ.

ಮೂಗಿನ ಮ್ಯಾಲಿನ ಎಲುಬಿನಾಗ ಸಣ್ಣ ಸಣ್ಣ ತೂತಿರ್ತಾವ. ವಾಸನಿ ಒಯ್ಯೋ ನರದ ಎಳಿ ಅವುದರಾಗ ಹಾಯ್ದು ಮಿದುಳಿಗೆ ಹೋಗ್ತಾವ. ತಲಿಗೆ ಜೋರು ಪೆಟ್ಟು ಬಿದ್ದು ಮಿದುಳು ಅಲಗಾಡಿದ್ರ ಆ ಎಳಿ ಕಡೀಬಹುದು. ಹೆಲ್ಮೆಟ್ ಬುರುಡಿ ಕಾಯ್ತದ, ಹಾಕ್ಕೊಳ್ಳಲಿಕ್ಕೇ ಬೇಕು. ಆದ್ರ ಒಳಗಿನ ಅಲಗಾಟ ಪೂರಾ ತಡಿಯಂಗಿಲ್ಲ. ಸ್ಕ್ಯಾನ್ ನಾರ್ಮಲ್ ಬಂದ್ರೂ ತಲಿನೋವು, ಮರವು, ಸಿಟ್ಟು, ನಿದ್ದಿಗೇಡಿತನ ತಿಂಗಳಾನುಗಟ್ಟಲೆ, ಕೆಲವರಿಗೆ ವರ್ಷಾನುಗಟ್ಟಲೆ ಇರ್ತಾವ. ಲಿಗಮೆಂಟ್ ಹರದ ಮೊಣಕಾಲು ಆಪರೇಷನ್ ಮಾಡಿಸಿದ್ರೂ, ವಯಸ್ಸಾದವ್ರಿಗೆ ಬರೋ ಸಂಧಿ ಸವೆತ 10-20 ವರ್ಷದಾಗ ಬರೋ ಸಂಭವ ಜಾಸ್ತಿ. ನಮ್ಮಾಂವಗ ಈಗ 26. ಪಂಕ್ತ್ಯಾಗ ಚಕ್ಕಳಮಕ್ಕಳ ಹಾಕಿ ಕೂಡ್ಲಿಕ್ಕೆ ಈಗಲೇ ಬರಂಗಿಲ್ಲ.

ದೊಡ್ಡವ್ರ ಕಥಿನೂ ನೋಡ್ರಿ. ನಮ್ಮ ಬೆಂಗಳೂರಿನ ಸಿ. ಎಸ್. ಸಂತೋಷ್, 2015ರಾಗ ಡಕಾರ್ ರ್‍ಯಾಲಿ ಮುಗಿಸಿದ ಮೊದಲನೇ ಭಾರತೀಯ. 2021ರ ಜನವರಿಯೊಳಗ ಸೌದಿ ಮರಳುಗಾಡಿನಾಗ ಬಿದ್ದು ತಲಿಗೆ ಪೆಟ್ಟಾತು. ಹೆಲಿಕಾಪ್ಟರಿನಾಗ ಒಯ್ದು, ಔಷಧ ಕೊಟ್ಟು ಕೋಮಾದಾಗ ಇಟ್ಟಿದ್ರು. ಅಷ್ಟು ತಾಲೀಮು, ಅಷ್ಟು ವ್ಯವಸ್ಥಾ ಇದ್ದಾಂವಗ ಹಿಂಗ ಆದ್ರ, ಬರೇ ಟೀ-ಶರ್ಟ್ ಮ್ಯಾಲೆ ಗುಡ್ಡ ಹತ್ತೋ ನಮ್ಮ ಹುಡುಗ್ರ ಗತಿ ಏನ್ರಿ?

'ಹಂಗಾದ್ರ ಹುಡುಗ್ರು ಮನ್ಯಾಗ ಬಳಿ ತೊಟಗೊಂಡು ಕೂಡಬೇಕೇನು?' ಅಂತ ಬೈಕಿನ ಹುಡುಗನ ಅವ್ವ ನನ್ನ ಕೇಳಿದ್ಲು. ಬಳಿ ತೊಟ್ಟೋರ ಆರು ವಾರ ಅಂವಗ ತುತ್ತು ಮಾಡಿ ತಿನಿಸಿದ್ದು ಅಂತ ಹೇಳಿ ಬಂದೆ. ಆಡಬ್ಯಾಡ್ರಿ ಅಂತ ನಾ ಎಲ್ಲೆ ಅಂದೆ? ಇಂಜಿನ್ ಇದ್ದ ಗಾಡಿ, ಇಲ್ಲದ ಸೈಕಲ್ ಒಂದ ದಾರ್‍ಯಾಗ ಎದುರಾಬದುರಾ ಬರಬಾರ್ದು. ಬೈಕಿಗೆ ಬ್ಯಾರೆ ಜಾಗಾ ಇರಬೇಕು. ನೋವು ಕಡಿಮಿ ಆತು ಅಂತ ಫಿಜಿಯೋಥೆರಪಿ ನಡುವ ಬಿಡಬಾರ್ದು, ನಾವು ಬಿಟ್ವಿ. ತಲಿಗೆ ಪೆಟ್ಟು ಬಿದ್ದ ಹುಡುಗಗ ತಲಿ ಪೂರಾ ಸುಧಾರಿಸೋತನಕ ಮತ್ತೊಂದು ಪೆಟ್ಟು ಬೀಳೋ ಆಟ ಬ್ಯಾಡ. ವರ್ಷಗಟ್ಟಲೆ ಮನಿಯವ್ರು ಕೇಳತಿರಬೇಕು: ನಿದ್ದಿ ಹೆಂಗದ, ಸಾರಿನ ಒಗ್ಗರಣಿ ವಾಸನಿ ಬಂತೇನು?

ನಾ ಅದನ್ನ ಕೇಳಲಿಲ್ಲ. ಮಿಕ್ಸರ್ ಸಪ್ಪಳಕ್ಕ ಅಂವ ಒದರಿದಾಗ 'ಸೊಕ್ಕು ಬಂದದ' ಅಂದೆ. ಊಟ ಅರ್ಧಕ್ಕ ಬಿಟ್ಟು ಎದ್ದಾಗ 'ನಾಟಕ ಮಾಡ್ತಾನ' ಅಂದೆ. ವಾಸನಿ ಇಲ್ಲದಾಂವಗ ಊಟದ ರುಚಿ ಎಲ್ಲಿಂದ ಬರಬೇಕು? 'ಯಾಕ ಹೇಳಲಿಲ್ಲೋ?' ಅಂದ್ರ, 'ನೀವೆಲ್ಲಾ ಪೇಢೆ ಹಂಚಿಬಿಟ್ಟಿದ್ರಿ' ಅಂದ.

ಬರೋ ತಿಂಗಳು ಅಂವ ಪುಣೆದಾಗ ಒಬ್ಬನ ಖೋಲಿ ಮಾಡಿ ಇರಾಂವ. ಸಿಲಿಂಡರ್ ಗ್ಯಾಸಿಗೆ ತನ್ನದಂತ ವಾಸನಿ ಇರಂಗಿಲ್ಲ, ಸೋರಿದ್ದು ಗೊತ್ತಾಗ್ಲಿ ಅಂತನ ಬ್ಯಾರೆ ವಾಸನಿ ಕೂಡಸಿರ್ತಾರ. ಇಂವಗ ಅದೂ ಇಲ್ಲ. ಗ್ಯಾಸ್ ಸೋರಿದ್ರ ಕೂಗೋ ಯಂತ್ರ ಒಂದು ತರಿಸೇನಿ. ಅಂವನ ಪೆಟಗ್ಯಾಗ ಚಟ್ನಿಪುಡಿ ಡಬ್ಬಿಗಿಂತ ಮೊದಲ ಅದನ್ನ ಇಟ್ಟೆ.