ಕಾಣದ ಮಳೆ

ಮಕ್ಕಳೇ, ಈ ಲೆಕ್ಕಕ್ಕೆ ಬೇಗ ಉತ್ತರ ಹೇಳಿರಿ. ಒಂದು ಪೆನ್ನಿಗೂ ಒಂದು ರಬ್ಬರಿಗೂ ಸೇರಿ 11 ರೂಪಾಯಿ. ರಬ್ಬರಿಗಿಂತ ಪೆನ್ನಿನ ಬೆಲೆ 10 ರೂಪಾಯಿ ಹೆಚ್ಚು. ರಬ್ಬರಿನ ಬೆಲೆ ಎಷ್ಟು?

1 ರೂಪಾಯಿ ಎಂದಿರಾ? ಹಾಗಾದರೆ ಪೆನ್ನಿಗೆ 11 ರೂಪಾಯಿ. ಎರಡೂ ಸೇರಿ 12 ಆಯಿತಲ್ಲ! ಸರಿಯಾದ ಉತ್ತರ 50 ಪೈಸೆ. ಮೊದಲು ಕೈ ಎತ್ತಿದವನೇ ಜಾಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಡೇನಿಯಲ್ ಕಾಹ್ನೆಮನ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂತಹದೇ ಲೆಕ್ಕವೊಂದಿದೆ. 2002ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂದಿತ್ತು. ಮನಸ್ಸು ಕಂಡಷ್ಟನ್ನೇ ನಂಬಿ ಥಟ್ಟನೆ ತೀರ್ಮಾನಿಸುತ್ತದೆ, ಕಾಣದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಅವರು ತೋರಿಸಿದರು. ಪುಸ್ತಕ ದಪ್ಪವಾಗಿದೆ, ದೊಡ್ಡವರಾದ ಮೇಲೆ ಓದಿರಿ.

ನಮ್ಮ ಧರ್ಮಪುರಿ ಜಿಲ್ಲೆಯ ಹೊಗೇನಕಲ್ಲಿನಲ್ಲಿಯೂ ಈ ತಪ್ಪು ನಡೆಯುತ್ತದೆ. ಬಂದವರು ಆಕಾಶ ನೋಡುತ್ತಾರೆ. ಬಿಸಿಲಿದೆ, ಮಳೆಯಿಲ್ಲ, ನೀರು ಏರದು ಎಂದು ಹೊಳೆಗೆ ಇಳಿಯುತ್ತಾರೆ. ಆದರೆ ಮಳೆ ಸುರಿಯುವುದು ದೂರದ ಕೊಡಗಿನಲ್ಲಿ, ವಯನಾಡಿನಲ್ಲಿ. ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳು ತುಂಬಿದಾಗ ನೀರು ಬಿಡುತ್ತಾರೆ. ಅದು ಬಿಳಿಗುಂಡ್ಲು ದಾಟಿ ಹೊಗೇನಕಲ್ಲಿಗೂ, ಅಲ್ಲಿಂದ ಸೇಲಂ ಜಿಲ್ಲೆಯ ಮೆಟ್ಟೂರು ಅಣೆಕಟ್ಟಿಗೂ ಬರುತ್ತದೆ. ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಉಕ್ಕುತ್ತದೆ. ಆಗ ಅಧಿಕಾರಿಗಳು ಸ್ನಾನವನ್ನೂ ತೆಪ್ಪಗಳನ್ನೂ ನಿಲ್ಲಿಸುತ್ತಾರೆ. "ಇಷ್ಟು ಬಿಸಿಲಿರುವಾಗ ಏಕೆ ತಡೆಯುತ್ತೀರಿ?" ಎಂದು ಕೆಲವರು ಜಗಳಕ್ಕೆ ನಿಲ್ಲುವುದುಂಟು. ಅವರಲ್ಲಿ ಓದಿದವರೂ ಇರುತ್ತಾರೆ!

ಹಾಗೆ ಇಳಿದವರಲ್ಲಿ ಎಲ್ಲರೂ ದಡಕ್ಕೆ ಮರಳುವುದಿಲ್ಲ. ಆದುದರಿಂದ ನೀವು ಅಲ್ಲಿಗೆ ಹೋದಾಗ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಿದ್ದಾರೆಯೇ ಎಂದು ತೆಪ್ಪ ನಡೆಸುವ ಅಣ್ಣಂದಿರನ್ನು ಕೇಳಿರಿ. ಅವರು ಆಕಾಶ ನೋಡಿ ಉತ್ತರ ಹೇಳುವುದಿಲ್ಲ.