ನೀರುಗಂಟಿಗೆ ಉತ್ತರಾಧಿಕಾರಿಗಳು ಬೇಕು

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನ ಕಡೆ ಹೋದವರಿಗೆ ತೆಂಗು, ಮಾವು, ಹಿಪ್ಪುನೇರಳೆಗಳ ಹಸಿರು ಕಣ್ಣನ್ನು ತಣಿಸುತ್ತದೆ. ಈ ಹಸಿರು ತಾನಾಗಿಯೇ ಉಳಿದು ಬಂದುದಲ್ಲ. ಮಳೆಯನ್ನು ನಂಬಲಾಗದ ಈ ಸೀಮೆಯಲ್ಲಿ ಹಿರಿಯರು ಕೆರೆಗಳನ್ನು ಕಟ್ಟಿಸಿದರು. ಅವುಗಳನ್ನು ಕಾಯಲು ನೀರುಗಂಟಿಯನ್ನು ಇರಿಸಿದರು. ತೂಬನ್ನು ಯಾವಾಗ ತೆರೆಯಬೇಕು, ಬರಗಾಲದಲ್ಲಿ ಯಾರ ಗದ್ದೆಗೆ ಎಷ್ಟು ನೀರು ಹರಿಯಬೇಕು, ಏರಿ ಎಲ್ಲಿ ಜಿನುಗುತ್ತಿದೆ ಎಂಬುದನ್ನು ಆತನು ಬಲ್ಲವನಾಗಿದ್ದನು. ತಂದೆಯ ಹಿಂದೆ ಕಾಲುವೆಯುದ್ದಕ್ಕೂ ನಡೆದೇ ಮಗನು ಆ ವಿದ್ಯೆಯನ್ನು ಕಲಿಯುತ್ತಿದ್ದನು. ಹೆಚ್ಚಾಗಿ ದಲಿತ ಕುಟುಂಬಗಳವರೇ ಆಗಿದ್ದ ಈ ಕಾವಲುಗಾರರಿಗೆ ಸುಗ್ಗಿಯಲ್ಲಿ ಕಾಳು ದೊರೆಯಿತೇ ಹೊರತು ಊರಿನ ತೀರ್ಮಾನಗಳಲ್ಲಿ ಸ್ಥಾನ ದೊರೆಯಲಿಲ್ಲ.

ಕೊಳವೆಬಾವಿಗಳು ಬಂದ ಮೇಲೆ ನೀರುಗಂಟಿ ಮರೆಯಾದನು. ಈಗ ಶಿಂಷೆಯಿಂದ ನೀರೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಯೋಜನೆಗಳಿವೆ. ಆದರೆ ಪಂಪು ನೀರನ್ನು ತಂದೀತು, ಕೆರೆಯನ್ನು ಕಾಯಲಾರದು. 2023ರಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಬಳಿಕ ರಾಜಧಾನಿ ಇನ್ನಷ್ಟು ಸಮೀಪವಾಗಿದೆ. ಹೊಲವನ್ನು ನಿವೇಶನವೆಂದು ಎಣಿಸುವ ಕಣ್ಣುಗಳು ಹೆಚ್ಚುತ್ತಿರುವಾಗ, ಈ ನೆಲವನ್ನು ನೆಲವೆಂದೇ ಕಾಣುವ ಯುವಜನರನ್ನು ನಾವು ಸಿದ್ಧಗೊಳಿಸುತ್ತಿದ್ದೇವೆಯೇ?

ಗಿಡ ನೆಡುವ ಸಮಾರಂಭಗಳು ನಮ್ಮಲ್ಲಿ ಕಡಿಮೆಯಿಲ್ಲ. ಆದರೆ ನೆಟ್ಟರಷ್ಟೇ ಸಾಲದೆಂಬುದನ್ನು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಬಾಳು ತೋರಿಸುತ್ತದೆ. ಹುಲಿಕಲ್–ಕುದೂರು ರಸ್ತೆಯಲ್ಲಿ ಅವರು ಪತಿಯೊಡನೆ ಕೊಡದಲ್ಲಿ ನೀರು ಹೊತ್ತು 385 ಆಲದ ಮರಗಳನ್ನು ಬೆಳೆಸಿದರು. ರಸ್ತೆ ವಿಸ್ತರಣೆಯಿಂದ ಆ ಮರಗಳಿಗೆ ಅಪಾಯ ಒದಗಿದಾಗ, 2019ರಲ್ಲಿ ಆ ವೃದ್ಧೆಯೇ ಸರ್ಕಾರಕ್ಕೆ ಮನವಿ ಮಾಡಬೇಕಾಯಿತು. 2025ರ ನವೆಂಬರ್‌ನಲ್ಲಿ ಅವರು ತೀರಿಕೊಂಡರು. ಮುಂದೆ ಆ ಮನವಿಯನ್ನು ಹೊತ್ತು ನಿಲ್ಲುವವರು ಯಾರು?

ಕಾನೂನು ಬಾಗಿಲನ್ನು ತೆರೆದೇ ಇಟ್ಟಿದೆ. 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮಸಭೆಗೆ ದನಿ ನೀಡಿತು. 2002ರ ಜೀವವೈವಿಧ್ಯ ಅಧಿನಿಯಮದಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಊರಿನ ಗಿಡಮರ, ತಳಿ, ತಿಳಿವಳಿಕೆಗಳ ದಾಖಲೆಯನ್ನು ಅದು ಸಿದ್ಧಪಡಿಸಬೇಕು. ಚನ್ನಪಟ್ಟಣದ ಬೊಂಬೆಗಳಿಗೆ ಜೀವ ಕೊಟ್ಟ ಆಲೆಮರವು ಆ ದಾಖಲೆಯಲ್ಲಿ ಮೊದಲ ಸಾಲಿಗೆ ಬರತಕ್ಕದ್ದು. ಆದರೆ ಗ್ರಾಮಸಭೆಯಲ್ಲಿ ನಮ್ಮ ಮಕ್ಕಳನ್ನು ಕಾಣುವುದು ಅಪರೂಪ.

ಆದ್ದರಿಂದ ಪ್ರತಿ ಧರ್ಮಕೇಂದ್ರದ ಯುವಜನರಿಗೆ ಒಂದು ವರ್ಷದ ತರಬೇತಿಯನ್ನು ಏರ್ಪಡಿಸಬೇಕೆಂದು ನಾವು ಸೂಚಿಸುತ್ತೇವೆ. ಅದು ಭಾಷಣಗಳ ಶಿಬಿರವಾಗದಿರಲಿ. ಅವರು ಪಹಣಿಯನ್ನೂ ಗ್ರಾಮನಕ್ಷೆಯನ್ನೂ ಓದಲು ಕಲಿಯಲಿ. ರಾಜಕಾಲುವೆ ಎಲ್ಲಿ ಒತ್ತುವರಿಯಾಗಿದೆಯೆಂದು ನಡೆದು ನೋಡಲಿ. ಹಳೆಯ ನೀರುಗಂಟಿಗಳು ಉಳಿದಿದ್ದರೆ ಅವರನ್ನೇ ಗುರುವಾಗಿ ಸ್ವೀಕರಿಸಲಿ. ಕಲಿತುದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಲಿ. ಅಂದು ತಿಳಿವಳಿಕೆ ಒಬ್ಬನಲ್ಲಿತ್ತು, ಅಧಿಕಾರ ಇನ್ನೊಬ್ಬನಲ್ಲಿತ್ತು. ಅವೆರಡನ್ನೂ ಒಂದುಗೂಡಿಸುವುದೇ ನಿಜವಾದ ನಾಯಕತ್ವದ ತರಬೇತಿ.

ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಉಳುವುದಕ್ಕೂ ಕಾಯುವುದಕ್ಕೂ ಎಂದು ಆದಿಕಾಂಡವು ತಿಳಿಸುತ್ತದೆ. ವಿಶ್ವಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪತ್ರದಲ್ಲಿ ಇದನ್ನೇ ನೆನಪಿಸಿದರು. ನಮ್ಮ ದೇವಾಲಯಗಳಿಗೂ ಶಾಲೆಗಳಿಗೂ ಜಮೀನಿದೆ. ಅಲ್ಲಿ ಬಿದ್ದ ಮಳೆ ಎಲ್ಲಿಗೆ ಹರಿಯುತ್ತದೆ, ಕಡಿದ ಮರಕ್ಕೆ ಬದಲಾಗಿ ಯಾವುದು ಬೆಳೆಯಿತು ಎಂಬ ಲೆಕ್ಕವನ್ನು ಯುವಜನರು ಮೊದಲು ನಮ್ಮಿಂದಲೇ ಕೇಳಲಿ. ಆ ಪ್ರಶ್ನೆಗೆ ನಾವು ಮುನಿಯದೆ ಉತ್ತರಿಸಿದರೆ ತರಬೇತಿ ಅಲ್ಲಿಂದಲೇ ಆರಂಭವಾದಂತೆ.