ತುಂಬಿದ್ದೇನೋ, ಇಲ್ಲವೋ?

ಹೋದ ತಿಂಗಳು ನನ್ನ ಮೊಮ್ಮಗಳು ಎನ್‌ಸಿಸಿ ಶಿಬಿರ ಮುಗಿಸಿಕೊಂಡು ನಾಗನೂರಿಗೆ ಬಂದಳು. (ಹುಕ್ಕೇರಿ ಕಡೆಗೂ ನಾಗನೂರ ಇದೆ. ನಮ್ಮದು ಮೂಡಲಗಿ ತಾಲೂಕಿನದು, ಮೊದಲು ಗೋಕಾಕ ತಾಲೂಕಿನಲ್ಲಿತ್ತು. ಬರುವವರು ಬಸ್ ಹತ್ತುವ ಮುಂಚೆ ಒಮ್ಮೆ ಕೇಳಿಕೊಳ್ಳಿ.) ಚಪ್ಪಲಿ ಬಿಡುವುದರೊಳಗೇ ಶುರು ಮಾಡಿದಳು.

“ಅಜ್ಜಾ, ನಾ ಐದು ಗುಂಡು ಹೊಡದೆ! ಪಾಯಿಂಟ್ ಟೂ ಟೂ ರೈಫಲ್!”

“ಗುರಿಗೆ ಎಷ್ಟು ಬಿದ್ದೂವು?”

ಅದಕ್ಕೆ ಉತ್ತರ ಬರಲಿಲ್ಲ. ಬದಲಿಗೆ ಒಂದು ದೂರು ಬಂತು. ಗುಂಡು ಹಾರಿಸಿದ ಮೇಲೆ ಬಂದೂಕಿನಿಂದ ಸಿಡಿದು ಬಿದ್ದ ಹಿತ್ತಾಳೆಯ ಖಾಲಿ ಕಾಡತೂಸುಗಳನ್ನು ಎಣಿಸಿ ವಾಪಸು ಕೊಡಬೇಕಂತೆ. ಇವಳದು ಒಂದು ಕಾಣೆಯಾಯಿತು. ಹುಡುಗಿಯರೆಲ್ಲ ಬಿಸಿಲಲ್ಲಿ ಹುಲ್ಲು ಕೆದರಿ ಅರ್ಧ ತಾಸು ಹುಡುಕಿದರು. ಕಡೆಗೆ ಮಲಗಲು ಹಾಸಿದ್ದ ದರಿಯ ಮಡಿಕೆಯಲ್ಲೇ ಸಿಕ್ಕಿತು.

“ಖಾಲಿ ಆಗಿದ್ದು ಯಾತಕ್ಕ ಬೇಕ ಅಜ್ಜಾ ಅವರಿಗೆ?”

ಲೆಕ್ಕಕ್ಕೆ ಬೇಕು, ಅಷ್ಟೆ. ಎಷ್ಟು ಕೊಟ್ಟರೋ ಅಷ್ಟೂ ಹಾರಿವೆ, ಯಾರ ಜೇಬಿನಲ್ಲೂ ಜೀವಂತ ಗುಂಡು ಉಳಿದಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿ. ಅವಳು ಹಾರಿಸಿದ ಬಗೆಯ ಕಾಡತೂಸನ್ನು ಮತ್ತೆ ತುಂಬಲು ಬರುವುದಿಲ್ಲ. ಕಿಡಿ ಹೊತ್ತಿಸುವ ಮದ್ದು ಅದರ ಬುಡದ ಅಂಚಿನೊಳಗೇ ಇರುತ್ತದೆ. ಬಂದೂಕಿನ ಮೊಳೆ ಆ ಅಂಚನ್ನು ಜಜ್ಜಿದರೆ ಅದರ ಆಯುಷ್ಯ ಮುಗಿಯಿತು. ದೊಡ್ಡ ಕಾಡತೂಸುಗಳಲ್ಲಿ ಹಾಗಲ್ಲ. ಬುಡದ ನಡುವೆ ಪುಟ್ಟ ಕೇಪು ಬೇರೆಯಾಗಿ ಕೂತಿರುತ್ತದೆ. ಹಳೆಯ ಕೇಪು ತೆಗೆದು ಹೊಸದನ್ನು ಕೂರಿಸಿ, ಮದ್ದು ಹಾಕಿ, ಬಾಯಿಗೆ ಹೊಸ ಗುಂಡು ಒತ್ತಿದರೆ ಅದೇ ಹಿತ್ತಾಳೆ ಮತ್ತೆ ಕೆಲಸಕ್ಕೆ ಬರುತ್ತದೆ. ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸದವರು ಮನೆಯ ಮೇಜಿನ ಮೇಲೆಯೇ ಇದನ್ನು ಮಾಡಿಕೊಳ್ಳುತ್ತಾರೆ. ಖರ್ಚು ಉಳಿಯುತ್ತದೆ ಎನ್ನುವುದು ಒಂದು ಕಾರಣ. ಪ್ರತಿ ಗುಂಡೂ ಒಂದೇ ಅಳತೆಯಲ್ಲಿದ್ದರೆ ಒಂದೇ ಕಡೆ ಬೀಳುತ್ತದೆ ಎನ್ನುವುದು ಇನ್ನೊಂದು.

ನಮ್ಮ ದೇಶದಲ್ಲಿ ಹಾಗೆ ಮಾಡುವಂತಿಲ್ಲ. ಪರವಾನಗಿ ಇಲ್ಲದೆ ಬಂದೂಕಾಗಲಿ ಗುಂಡಾಗಲಿ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಅಪರಾಧ.

“ಮತ್ತ ನಿಮ್ಮ ಮುತ್ಯಾ ಮನ್ಯಾಗ ತುಂಬತಿದ್ದ ಅಂತ ಹೇಳತಿದ್ದಿ?” ಎಂದಳು. ಈ ಹುಡುಗಿಗೆ ಮರೆವಿನ ರೋಗವಿಲ್ಲ.

ಮುತ್ಯಾ ತುಂಬುತ್ತಿದ್ದುದು ಕಾಡತೂಸನ್ನಲ್ಲ, ಬಂದೂಕನ್ನೇ. ಅವನದು ಒಂಟಿ ನಳಿಗೆಯ ಕೇಪಿನ ಬಂದೂಕು, ಬೆಳೆ ಕಾಯಲೆಂದು ಪರವಾನಗಿ ಪಡೆದದ್ದು. ಕಬ್ಬು, ಗೋವಿನಜೋಳಕ್ಕೆ ಹಂದಿಗಳು ನುಗ್ಗಿದರೆ ಬೆಳಗಾಗುವುದರೊಳಗೆ ಹೊಲ ಉತ್ತಿಟ್ಟಂತೆ ಆಗುತ್ತದೆ. ಮುತ್ಯಾ ಹೆಚ್ಚಾಗಿ ಆಕಾಶಕ್ಕೇ ಹಾರಿಸುತ್ತಿದ್ದ. ಸಪ್ಪಳಕ್ಕೇ ಹಂದಿ ಓಡುತ್ತಿದ್ದವು. ಅಂಥ ಬಂದೂಕಿಗೆ ಪ್ರತಿ ಸಲವೂ ಬಾಯಿಂದಲೇ ತುಂಬಬೇಕು. ಎಮ್ಮೆಯ ಕೋಡಿನಿಂದ ಮದ್ದು, ಮೇಲೆ ಬಟ್ಟೆಯ ಚೂರು, ಆಮೇಲೆ ಸೀಸದ ಛರ್ರಿ, ಮತ್ತೆ ಬಟ್ಟೆ. ಪ್ರತಿಯೊಂದನ್ನೂ ಗಜ ಎನ್ನುವ ಉದ್ದನೆಯ ಸಲಾಕಿಯಿಂದ ಕೆಳಗೆ ಕೂರಿಸಬೇಕು. ಕೇಪು ಹಾಕುವುದು ಹೊಲದಲ್ಲಿ, ಕಟ್ಟಕಡೆಗೆ.

ಮುತ್ಯಾ ತುಂಬಲು ಕೂತನೆಂದರೆ ಮನೆಯಲ್ಲಿ ಯಾರೂ ಮಾತಾಡಕೂಡದು. ಆಯಿ ಒಲೆಯಲ್ಲಿನ ಬೆಂಕಿ ಆರಿಸಿ, ಬಾಗಿಲಲ್ಲಿ ಕೂತುಬಿಡುತ್ತಿದ್ದಳು. ಬಂದವರನ್ನು ಕಟ್ಟೆಯ ಮೇಲೇ ಕೂರಿಸುತ್ತಿದ್ದಳು, ಅವರು ಗೌಡರಾದರೂ ಸರಿ, ಮಾಸ್ತರರಾದರೂ ಸರಿ. ತುಂಬಿ ಆದಮೇಲೆ ಗೋಡೆಯ ಮೊಳೆಗೆ ನೇತಾಡುತ್ತಿದ್ದ ಒಂದು ಕೆಂಪು ದಾರವನ್ನು ತೆಗೆದು ತಾನೇ ನಳಿಗೆಗೆ ಕಟ್ಟುತ್ತಿದ್ದಳು. ದಾರ ಬಂದೂಕಿನ ಮೇಲಿದ್ದರೆ ತುಂಬಿದೆ. ಮೊಳೆಯ ಮೇಲಿದ್ದರೆ ಖಾಲಿ. ಆಯಿಗೆ ಓದು ಬರಹ ಬರುತ್ತಿರಲಿಲ್ಲ.

ಇಷ್ಟೆಲ್ಲ ಮಡಿ ಯಾಕೆಂದು ನನಗೆ ತಿಳಿದದ್ದು ಹತ್ತನೇ ವಯಸ್ಸಿನಲ್ಲಿ, ನಾನೇ ಮಾಡಿದ ತಪ್ಪಿನಿಂದ. ಅಂದು ಸಂಜೆ ನಾನು ಹಿತ್ತಲ ಬಾಗಿಲಿನಿಂದ ಒದರುತ್ತ ಓಡಿ ಬಂದೆ: “ಮುತ್ಯಾ, ಗೌರಿ ಈದಾಳ! ಹೋರಿಗರ!” ಮುತ್ಯಾನ ಕೈಯಲ್ಲಿ ಕೋಡು ಇತ್ತು. ತಿರುಗಿ ನೋಡಿದ, ನಕ್ಕ, “ಕಂದು ಬಿಳಿಯೋ, ಮಾಸೋ?” ಎಂದು ಕೇಳಿದ. ನಾನು ಕರುವಿನ ಬಣ್ಣ, ಕಾಲು, ಬಾಲ ಎಲ್ಲ ವರ್ಣಿಸಿದೆ. ಅವನು ಮತ್ತೆ ಕೆಲಸಕ್ಕೆ ತಿರುಗಿ, ಮದ್ದು ಹಾಕಿ, ಬಟ್ಟೆ, ಛರ್ರಿ ಎಲ್ಲ ಕೂರಿಸಿ ಮುಗಿಸಿದ. ಆಯಿ ದಾರ ಕಟ್ಟಲಿಲ್ಲ.

“ಗಜಾ ಇಳಿಸಿ ನೋಡ್ರಿ,” ಎಂದಳು.

ಗಜದ ಮೇಲೆ ಎರಡು ಗೀರುಗಳಿದ್ದವು. ಖಾಲಿ ನಳಿಗೆಯಲ್ಲಿ ಇಳಿಸಿದರೆ ಒಂದು ಗೀರು ಬಾಯಿಗೆ ಸಮ ಬರುತ್ತಿತ್ತು, ಸರಿಯಾಗಿ ತುಂಬಿದಾಗ ಇನ್ನೊಂದು. ಅಂದು ಆ ಎರಡನೆಯ ಗೀರೂ ಬಾಯಿಯಿಂದ ಎರಡು ಬೆರಳು ಮೇಲೆಯೇ ನಿಂತಿತು. ನಾನು ಒದರುವ ಮುಂಚೆಯೇ ಒಮ್ಮೆ ಮದ್ದು ಬಿದ್ದಿತ್ತು. ಮಾತು ಮುಗಿದ ಮೇಲೆ ಅವನು ಮತ್ತೊಮ್ಮೆ ಹಾಕಿದ್ದ.

ಮುತ್ಯಾ ಬಯ್ಯಲಿಲ್ಲ. ನಳಿಗೆಯೊಳಗೆ ನೀರು ಹೊಯ್ದು ಮದ್ದನ್ನು ನೆನೆಸಿಟ್ಟ. ಮರುದಿನ ತುಂಬಿದ್ದನ್ನೆಲ್ಲ ನಿಧಾನಕ್ಕೆ ಹೊರತೆಗೆದ. ಆ ರಾತ್ರಿ ಹಂದಿಗಳು ಎರಡು ಗುಂಟೆ ಗೋವಿನಜೋಳ ಮೇದವು. ಊಟಕ್ಕೆ ಕೂತಾಗ ತನ್ನ ಎಡಗೈಯನ್ನು ನನ್ನ ತಾಟಿನ ಮುಂದೆ ಚಾಚಿದ. ಆ ಕೈಗೆ ಹೆಬ್ಬೆರಳು ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೆ, ಕಬ್ಬಿನ ಗಾಣಕ್ಕೆ ಸಿಕ್ಕಿರಬೇಕು ಎಂದುಕೊಂಡಿದ್ದೆ. “ಆಗೂ ಹಿಂಗ, ಯಾರೋ ಮಾತಾಡಿಸಿದ್ರು,” ಎಂದನಷ್ಟೆ. ಆಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಮುತ್ಯಾ ಒಬ್ಬನೇ ಮರೆಗುಳಿಯಲ್ಲ. 1863ರಲ್ಲಿ ಅಮೆರಿಕದ ಗೆಟ್ಟಿಸ್‌ಬರ್ಗ್ ಎಂಬಲ್ಲಿ ದೊಡ್ಡ ಕಾಳಗ ನಡೆಯಿತು. ಮುಗಿದ ಮೇಲೆ ರಣಭೂಮಿಯಿಂದ ಸುಮಾರು 27,000 ಬಂದೂಕುಗಳನ್ನು ಆರಿಸಿ ತಂದು ನೋಡಿದರೆ, ಹೆಚ್ಚಿನವು ತುಂಬಿದಂತೆಯೇ ಇದ್ದವು. ಸಾವಿರಾರು ಬಂದೂಕುಗಳಲ್ಲಿ ಒಂದರ ಮೇಲೊಂದು ತುಂಬಲಾಗಿತ್ತು. ಆ ಗದ್ದಲದಲ್ಲಿ ತಮ್ಮದು ಹಾರಿತೋ ಇಲ್ಲವೋ ಎಂಬುದೇ ಸಿಪಾಯಿಗಳಿಗೆ ಗೊತ್ತಾಗಿರಲಿಲ್ಲ. ಇಂದಿನ ಹವ್ಯಾಸಿಗಳಿಗೂ ಇದೇ ಭಯ. ಮದ್ದು ಹಾಕಿದ ಕಾಡತೂಸುಗಳನ್ನು ತೂತಿರುವ ಮರದ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸುವ ಮುಂಚೆ ಬ್ಯಾಟರಿ ಬಿಟ್ಟು ಒಂದೊಂದರೊಳಗೂ ಇಣುಕಿ ನೋಡುತ್ತಾರೆ. ಟಿವಿ ಹಚ್ಚಿಕೊಂಡು ಈ ಕೆಲಸಕ್ಕೆ ಕೂರಬೇಡಿ ಎಂದು ಹೊಸಬರಿಗೆ ಹೇಳುತ್ತಾರೆ. ಆಯಿಯನ್ನು ಕರೆದಿದ್ದರೆ ಅವಳೂ ಇದನ್ನೇ ಹೇಳುತ್ತಿದ್ದಳು.

ಮೊಮ್ಮಗಳು ಈಗ ಬೇರೆ ದಾರಿ ಹಿಡಿದಳು. “ಹಂಗಾರ ಮೊದಲ ಎಲ್ಲಾರ ಮನ್ಯಾಗೂ ಮದ್ದು ಇರತಿತ್ತೇನ?”

ಎಲ್ಲರ ಮನೆಯಲ್ಲೂ ಅಲ್ಲ. ಆದರೆ ಬೇಟೆಯನ್ನೇ ನಂಬಿದವರ ಮನೆಯಲ್ಲಿ ಇರುತ್ತಿತ್ತು. ನಮ್ಮ ಊರಿಂದ ಮೂಡಲಕ್ಕೆ, ಮುಧೋಳದ ಆಚೆ ಹಲಗಲಿ ಇದೆ. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ಗೊತ್ತು. 1857ರಲ್ಲಿ ಬ್ರಿಟಿಷರು ಶಸ್ತ್ರ ಒಪ್ಪಿಸಬೇಕೆಂದು ಕಾಯಿದೆ ತಂದಾಗ ಅಲ್ಲಿಯ ಬೇಡರು ಒಪ್ಪಲಿಲ್ಲ. ಅವರಿಗೆ ಆಯುಧವೆಂದರೆ ಹೊಟ್ಟೆಪಾಡು, ಮಾನ ಎರಡೂ. ನವೆಂಬರ್ ತಿಂಗಳಲ್ಲಿ ದಂಡು ಬಂದು ಊರನ್ನು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ, ಇದೂ ಒಂದು ಸೋಜಿಗ. ಅದೇ ವರ್ಷ ಉತ್ತರದಲ್ಲಿ ಸಿಪಾಯಿಗಳು ತಿರುಗಿಬಿದ್ದದ್ದೂ ಒಂದು ಕಾಡತೂಸಿನ ಮೇಲೆಯೇ. ಮದ್ದು, ಗುಂಡು ಎರಡನ್ನೂ ಕಾಗದದಲ್ಲಿ ಸುತ್ತಿ, ಹಲ್ಲಿನಿಂದ ಹರಿಯಬೇಕಾದ ಕಾಡತೂಸು ಅದು. ಸವರಿದ ಕೊಬ್ಬು ದನದ್ದು, ಹಂದಿಯದು ಎಂಬ ಸುದ್ದಿ ಹಬ್ಬಿ ಕಿಡಿ ಹೊತ್ತಿತು.

ಆ ಹೊತ್ತಿನ ಕಾಯಿದೆ ಪರರು ಹೇರಿದ್ದು. ಈಗಿನದು ನಾವೇ ಮಾಡಿಕೊಂಡದ್ದು. ಮುತ್ಯಾ ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲ. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಗೋಣಿಚೀಲದಲ್ಲಿ ಸುತ್ತಿ ತಾನೇ ಠಾಣೆಗೆ ಒಪ್ಪಿಸಿ ಬರುತ್ತಿದ್ದ, ಗೊಣಗುತ್ತಲೇ. ಹಂದಿಗಳಿಗೆ ಚುನಾವಣೆ ಇಲ್ಲವಲ್ಲ ಎಂಬುದು ಅವನ ತಕರಾರು.

ಮುತ್ಯಾ ತೀರಿದ ಮೇಲೆ ಪರವಾನಗಿ ಮುಗಿಯಿತು. ಬಂದೂಕನ್ನು ಕಾಯಂ ಒಪ್ಪಿಸಲು ಅಪ್ಪನ ಜೊತೆ ನಾನೂ ಠಾಣೆಗೆ ಹೋಗಿದ್ದೆ. “ತುಂಬಿಲ್ಲ ಹೌದಲ್ಲೋ?” ಎಂದು ಪೊಲೀಸರು ಕೇಳಿದರು. ಅಪ್ಪ ಬಾಯಿಂದ ಹೇಳದೆ ಗಜ ಇಳಿಸಿ ತೋರಿಸಿದ. ಗೀರು ಬಾಯಿಗೆ ಸಮ ನಿಂತಿತು. ಬಂದೂಕು, ಗಜ ಎರಡೂ ಅಲ್ಲೇ ಉಳಿದವು.

ಮನೆಗೆ ಬಂದಾಗ ಆಯಿ ಗೋಡೆಯ ಕಡೆ ನೋಡುತ್ತ ಕೂತಿದ್ದಳು. ದಾರ ಮೊಳೆಯ ಮೇಲಿತ್ತು. ಅವಳಿರುವ ತನಕ ಅದನ್ನು ಯಾರೂ ತೆಗೆಯಲಿಲ್ಲ.